ಬಿಡುಗಡೆಯಾಗದ ಆಟಗಳ ಕಾಗದಗಳು

ವೀಡಿಯೊ ಗೇಮ್‌ಗಳಿಗೆ ಕಾನ್ಸೆಪ್ಟ್ ಆರ್ಟ್ ಬಿಡಿಸುವುದು ನನ್ನ ಹೊಟ್ಟೆಪಾಡು. ಮೊದಲು ಬೆಂಗಳೂರಿನಲ್ಲಿ ಮಾಡುತ್ತಿದ್ದೆ, ಈಗ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿಗೆ ಬಂದ ಮೇಲೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಅಂಟಿಕೊಂಡಿತು. ತೊಂಬತ್ತರ ದಶಕದಲ್ಲಿ ಇಲ್ಲಿನ ಸ್ಟುಡಿಯೊಗಳಲ್ಲಿ ದುಡಿದ ಕಲಾವಿದರು ಈಗ ನಿವೃತ್ತಿಯ ಹೊತ್ತಿಗೆ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುತ್ತಿದ್ದಾರೆ. ಅವರ ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳಲ್ಲಿ ಇರುವ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಪಟ್ಟಿ ಬರೆದು, ಎಲ್ಲಾದರೂ ಒಂದು ನೆಲೆ ಕಾಣಿಸುವುದು ಆ ಕೆಲಸ. ಹೆಚ್ಚಿನವು ಅಂಗಡಿಯ ಮುಖವನ್ನೇ ಕಾಣದೆ ರದ್ದಾದ ಆಟಗಳವು. ಸೂಪರ್ ನಿಂಟೆಂಡೊ, ಸೆಗಾ ಸ್ಯಾಟರ್ನ್, ಮೊದಲ ಪ್ಲೇಸ್ಟೇಷನ್, ನಿಂಟೆಂಡೊ 64, ಡ್ರೀಮ್‌ಕಾಸ್ಟ್ ಕಾಲದವು.

ಇಂಥ ಚಿತ್ರ ಕಂಡೊಡನೆ ಅಭಿಮಾನಿಗಳು ಎಂಥ ಆಟ ಕೈತಪ್ಪಿತಲ್ಲ ಎಂದು ಹಲುಬುತ್ತಾರೆ. ನನಗೆ ಆ ಹಳಹಳಿಕೆ ಅಷ್ಟಾಗಿ ಬರುವುದಿಲ್ಲ. ಯಾವುದೋ ಒಂದು ವಾರ ತಂಡದೊಳಗೆ ಎದ್ದ ಪ್ರಶ್ನೆಗೆ ಒಬ್ಬ ಕಲಾವಿದ ಕೊಟ್ಟ ಉತ್ತರ ಆ ಕಾಗದದ ಮೇಲಿರುತ್ತದೆ. ಆ ಪ್ರಶ್ನೆ ಯಾವುದಿತ್ತು ಎಂದು ಹುಡುಕುವುದರಲ್ಲೇ ನನಗೆ ರುಚಿ. ಈ ಕೆಲಸಕ್ಕೆ ಇಳಿಯಬೇಕೆಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

1. ಯಾರ ಕಣ್ಣಿಗಾಗಿ ಬಿಡಿಸಿದ್ದು ಎಂದು ಮೊದಲು ತಿಳಿಯಿರಿ

ಕಾನ್ಸೆಪ್ಟ್ ಆರ್ಟ್ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬಗೆಯ ಚಿತ್ರಗಳು ಸೇರಿಕೊಂಡಿರುತ್ತವೆ. ದುಡ್ಡು ಹಾಕುವ ಪಬ್ಲಿಷರ್ ಮುಂದೆ ಆಟವನ್ನು ಒಪ್ಪಿಸಲು ಬಿಡಿಸಿದ ಪಿಚ್ ಚಿತ್ರ ಒಂದು. ಹೆಣ್ಣು ನೋಡಲು ಬಂದವರ ಮುಂದಿಡುವ ಕೇಸರಿಬಾತಿನ ಹಾಗೆ ಅದು. ಆ ಮನೆಯಲ್ಲಿ ದಿನಾ ಏನು ಬೇಯುತ್ತದೆಂದು ಅದರಿಂದ ತಿಳಿಯುವುದಿಲ್ಲ. ಕೆಂಪು ಆಕಾಶ, ಮಂಜು, ದೂರದಲ್ಲಿ ದಂಡು ಕಟ್ಟಿದ ಸಾವಿರ ಸೈನಿಕರು. ಆ ಕಾಲದ ಕನ್ಸೋಲ್ ಹತ್ತು ಸೈನಿಕರನ್ನು ಒಟ್ಟಿಗೆ ತೋರಿಸುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು.

ತಂಡದೊಳಗಿನ ಹುಡುಕಾಟದ ಹಾಳೆಗಳು ಇನ್ನೊಂದು ಬಗೆ. ಒಂದೇ ಹಾಳೆಯಲ್ಲಿ ಹೆಬ್ಬೆರಳ ಗಾತ್ರದ ಹತ್ತಾರು ತಲೆಗಳು, ಒಂದಕ್ಕೆ ಸುತ್ತು ಹಾಕಿ ಉಳಿದವಕ್ಕೆ ಅಡ್ಡಗೆರೆ ಎಳೆದಿರುತ್ತದೆ. ಪತ್ರಿಕೆಗಳಿಗೆ ಕಳಿಸಲು ಆಟ ಅರ್ಧವಾದ ಮೇಲೆ ಬಿಡಿಸಿದ ಚಿತ್ರಗಳೂ ಇರುತ್ತವೆ. ಇವನ್ನು ಕಾನ್ಸೆಪ್ಟ್ ಎನ್ನುವುದೇ ತಪ್ಪು, ಆದರೂ ಜನ ಅನ್ನುತ್ತಾರೆ. ಮಾಡೆಲ್ ಶೀಟ್ ಮಾತ್ರ ಬೇರೆಯೇ ಜಾತಿ. ಪಾತ್ರದ ಮುಂಬದಿ, ಮಗ್ಗುಲು, ಬೆನ್ನು ಮೂರೂ ಸಾಲಾಗಿ ನಿಂತಿರುತ್ತವೆ. ಕಣ್ಣು, ಭುಜ, ಸೊಂಟ, ಮಂಡಿಗಳ ಮಟ್ಟದಲ್ಲಿ ಹಾಳೆಯ ಉದ್ದಕ್ಕೂ ಅಡ್ಡಗೆರೆಗಳು ಹಾಯುತ್ತವೆ. 3ಡಿ ಮಾಡೆಲ್ ಕಟ್ಟುವವರು ಅಳತೆ ತೆಗೆದುಕೊಳ್ಳುವುದು ಇದರಿಂದ.

ಪೆಟ್ಟಿಗೆ ತೆರೆದಾಗ ಎಲ್ಲರೂ ಬಣ್ಣದ ಪಿಚ್ ಚಿತ್ರಕ್ಕೆ ಕೈ ಹಾಕುತ್ತಾರೆ. ನಾನು ಮಾಡೆಲ್ ಶೀಟ್ ಹುಡುಕುತ್ತೇನೆ. ಅದು ಸಿಕ್ಕಿತೆಂದರೆ ಆ ಪಾತ್ರವನ್ನು ಯಾರೋ ಒಪ್ಪಿದ್ದರು, ಕಟ್ಟಲು ಹಣ ಬಿಡುಗಡೆಯಾಗಿತ್ತು, ಯಂತ್ರದ ಮೇಲೆ ಅದು ನಡೆದಾಡಿರುವ ಸಾಧ್ಯತೆಯೂ ಇದೆ ಎಂದಾಯಿತು. ಪಿಚ್ ಚಿತ್ರ ಎಷ್ಟು ಚೆಂದವಿದ್ದರೂ ಇಷ್ಟು ಹೇಳುವುದಿಲ್ಲ.

2. ಯಂತ್ರವನ್ನು ಕಲಿಯಿರಿ

ಚಿತ್ರ ನೋಡುವವರು ಶೈಲಿಯ ಬಗ್ಗೆ ಮಾತಾಡುತ್ತಾರೆ. ಹಳೆಯ ಕನ್ಸೋಲ್‌ಗಳ ವಿಷಯದಲ್ಲಿ ಶೈಲಿಯ ಅರ್ಧ ಪಾಲು ಸರ್ಕ್ಯೂಟ್ ಬೋರ್ಡಿನದು. ಸೆಗಾ ಮೆಗಾ ಡ್ರೈವ್ 512 ಬಣ್ಣಗಳಲ್ಲಿ ಒಂದು ಹೊತ್ತಿಗೆ ಮಾಮೂಲಾಗಿ 64ನ್ನು ಮಾತ್ರ ತೆರೆಗೆ ತರುತ್ತಿತ್ತು, ಅದೂ 16ರ ನಾಲ್ಕು ಗುಂಪುಗಳಲ್ಲಿ. ಹಾಗಾಗಿ ಆ ಕಾಲದ ಪಾತ್ರಚಿತ್ರದ ಅಂಚಿನಲ್ಲಿ ಮಾರ್ಕರ್‌ನಿಂದ ತುಂಬಿದ ಸಣ್ಣ ಚೌಕಗಳ ಸಾಲು ಕಂಡರೆ ಅದು ಅಲಂಕಾರಕ್ಕೆ ಇಟ್ಟದ್ದೆಂದು ತಿಳಿಯಬೇಡಿ. ಅದು ಬಜೆಟ್. ನಾಯಕನ ಬೂಟಿನ ಕೆಂಪು ಶತ್ರುವಿನ ಮೇಲಂಗಿಗೂ ಬಂದಿದೆಯೆಂದರೆ ಇಬ್ಬರೂ ಒಂದೇ ಗುಂಪಿನ ಬಣ್ಣ ಹಂಚಿಕೊಂಡಿದ್ದಾರೆ ಎಂದು ಊಹಿಸಬಹುದು.

ನಿಂಟೆಂಡೊ 64ರಲ್ಲಿ ಮೇಲ್ಮೈಗೆ ಅಂಟಿಸುವ ಟೆಕ್ಸ್ಚರ್ ಚಿತ್ರ 4 ಕಿಲೋಬೈಟ್‌ಗಳ ಜಾಗದಲ್ಲಿ ಹಿಡಿಸಬೇಕಿತ್ತು. ಬಟ್ಟೆಯ ನೆಯ್ಗೆ, ಕಲ್ಲಿನ ಬಿರುಕು ಎಂದು ಬಿಡಿಸಿ ಲಾಭವಿರಲಿಲ್ಲ, ತೆರೆಯ ಮೇಲೆ ಎಲ್ಲವೂ ಕಲಸಿಹೋಗುತ್ತಿತ್ತು. ಅನುಭವಿ ಕಲಾವಿದರು ಪಾತ್ರವನ್ನು ದುಂಡಗೆ, ದೊಡ್ಡ ಬಣ್ಣದ ಹರವುಗಳಲ್ಲಿ ಬಿಡಿಸಿದರು. ಮೊದಲ ಪ್ಲೇಸ್ಟೇಷನ್‌ನಲ್ಲಿ ಟೆಕ್ಸ್ಚರ್‌ಗಳು ಕ್ಯಾಮೆರಾ ತಿರುಗಿದಂತೆ ಸೊಟ್ಟಗಾಗುತ್ತಿದ್ದವು. ಅಲ್ಲಿ ಬಿಡುಗಡೆಯಾಗಿ ಗೆದ್ದ ಕ್ರ್ಯಾಶ್ ಬ್ಯಾಂಡಿಕೂಟ್‌ನ ನಾಯಕನ ಮೈ 512 ಪಾಲಿಗನ್‌ಗಳದ್ದು, ಬಹುಪಾಲು ಟೆಕ್ಸ್ಚರ್ ಇಲ್ಲದೆ ಬರೀ ಬಣ್ಣ ತುಂಬಿದ್ದು. ಅವನಿಗೆ ಕುತ್ತಿಗೆಯಿಲ್ಲ, ಮೈಗಿಂತ ತಲೆ ದೊಡ್ಡದು. ಸಣ್ಣ ಟಿವಿಯಲ್ಲಿ ಮುಖದ ಭಾವ ಕಾಣಬೇಕಲ್ಲ. ರದ್ದಾದ ಆಟಗಳ ಪೆಟ್ಟಿಗೆಯಲ್ಲಿ ಇದೇ ದೊಡ್ಡ ತಲೆಗಳು, ಇದೇ ಕುತ್ತಿಗೆಯಿಲ್ಲದ ಮೈಗಳು ಮತ್ತೆ ಮತ್ತೆ ಕಂಡರೆ ನಕಲು ಎಂದು ಮೂಗು ಮುರಿಯುವ ಮುಂಚೆ ಇದನ್ನು ನೆನೆಯಿರಿ. ಒಂದೇ ಯಂತ್ರ ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟಿತ್ತು.

ಸಾನಿಕ್ ಎಕ್ಸ್‌ಟ್ರೀಮ್ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಸೆಗಾ ಸ್ಯಾಟರ್ನ್‌ಗಾಗಿ ಕ್ಯಾಲಿಫೋರ್ನಿಯಾದ ಸೆಗಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮಾಡುತ್ತಿದ್ದ ಆಟ ಅದು. ಅದರ ದೃಶ್ಯಗಳಲ್ಲಿ ನೆಲ ಎರಡೂ ಕಡೆಗೆ ಬಾಗಿ, ಮೀನಿನ ಕಣ್ಣಿನ ಲೆನ್ಸಿನಲ್ಲಿ ನೋಡಿದ ಹಾಗೆ ಉಬ್ಬಿಕೊಂಡಿರುತ್ತದೆ. ಕನಸಿನ ಲೋಕ ಎಂದು ಇದನ್ನು ಹೊಗಳಿದವರಿದ್ದಾರೆ. ನಾನಾದರೆ ಅಲ್ಲಿ ಒಂದು ಕಷ್ಟದ ಪರಿಹಾರ ನೋಡುತ್ತೇನೆ. ಆಟದ ನಾಯಕ ಸಾನಿಕ್ ಓಡುವ ವೇಗಕ್ಕೆ ಮುಂದೇನು ಬರುತ್ತದೆಂದು ಆಟಗಾರನಿಗೆ ಸಾಕಷ್ಟು ಮೊದಲೇ ಕಾಣಬೇಕು, 3ಡಿಯಲ್ಲಿ ಅದು ಸುಲಭವಿರಲಿಲ್ಲ. ಉಬ್ಬಿಸಿದ ನೋಟದಲ್ಲಿ ಅಕ್ಕಪಕ್ಕದ ಜಾಗವೂ ಚೌಕಟ್ಟಿನೊಳಗೆ ಬರುತ್ತದೆ.

3. ರದ್ದು ಎಂದ ಮಾತ್ರಕ್ಕೆ ಮುಗಿಯಿತು ಎಂದಲ್ಲ

ಕ್ಯಾಪ್‌ಕಾಮ್ ಕಂಪನಿಯ ರೆಸಿಡೆಂಟ್ ಈವಿಲ್ 2 ಆಟದ ಮೊದಲ ರೂಪವನ್ನು ಈಗ ಎಲ್ಲರೂ 1.5 ಎಂದು ಕರೆಯುತ್ತಾರೆ. ಹಿದೆಕಿ ಕಾಮಿಯಾ ನಿರ್ದೇಶಕರು, ಶಿಂಜಿ ಮಿಕಾಮಿ ನಿರ್ಮಾಪಕರು. ಅರ್ಧಕ್ಕಿಂತ ಬಹಳ ಮುಂದೆ ಹೋಗಿದ್ದ ಆಟವನ್ನು ಚೆನ್ನಾಗಿಲ್ಲ ಎಂದು ಬದಿಗಿಟ್ಟು, ನೊಬೊರು ಸುಗಿಮುರಾ ಎಂಬ ಅನುಭವಿ ಕಥೆಗಾರರನ್ನು ಕರೆತಂದು ಹೊಸದಾಗಿ ಕಟ್ಟಿದರು. 1998ರ ಜನವರಿಯಲ್ಲಿ ಎರಡನೆಯ ರೂಪ ಹೊರಬಂತು.

ಎರಡರ ಚಿತ್ರಗಳನ್ನು ಪಕ್ಕಪಕ್ಕ ಇಡಿ. 1.5ರ ಪೊಲೀಸ್ ಠಾಣೆ ಆಗಿನ ಕಾಲದ ಯಾವುದೇ ಸರ್ಕಾರಿ ಕಚೇರಿಯ ಹಾಗಿದೆ: ಸಪಾಟು ಗೋಡೆ, ಬೂದು ಬಣ್ಣ, ಸಾಲು ಮೇಜು. ಬಿಡುಗಡೆಯಾದ ಆಟದಲ್ಲಿ ಅದೇ ಠಾಣೆ ಹಿಂದೆ ಕಲಾ ಸಂಗ್ರಹಾಲಯವಾಗಿದ್ದ ಕಟ್ಟಡದಲ್ಲಿದೆ. ಎತ್ತರದ ಹಜಾರ, ಮಧ್ಯದಲ್ಲಿ ಪ್ರತಿಮೆ, ಮೇಲೆ ಸುತ್ತಲೂ ಮೊಗಸಾಲೆ. ಪೊಲೀಸ್ ಠಾಣೆಯೊಳಗೆ ಪ್ರತಿಮೆ ತಿರುಗಿಸಿ ಬೀಗ ತೆಗೆಯುವ ಒಗಟುಗಳು ಯಾಕೆ ಎಂಬ ಪ್ರಶ್ನೆಗೆ ಕಟ್ಟಡದ ಆ ಹಳೆಯ ಚರಿತ್ರೆಯೇ ಜವಾಬು. ಕಟ್ಟಡದ ಚಿತ್ರ ಬದಲಾದಾಗ ಆಟದ ಒಳಗಿನ ತರ್ಕವೂ ಬದಲಾಯಿತು. ನಾಯಕಿಯನ್ನು ನೋಡಿ. ಮೊದಲಲ್ಲಿ ಎಲ್ಜಾ ವಾಕರ್ ಎಂಬ ಹೊಂಬಣ್ಣದ ಕೂದಲಿನ ಹುಡುಗಿ, ಮೈಗಂಟಿದ ಮೋಟಾರ್‌ಬೈಕ್ ರೇಸಿನ ಉಡುಪು. ಅವಳ ಜಾಗಕ್ಕೆ ಕ್ಲೇರ್ ರೆಡ್‌ಫೀಲ್ಡ್ ಬಂದಳು, ಮೊದಲ ಆಟದ ನಾಯಕ ಕ್ರಿಸ್‌ನ ತಂಗಿ. ಕಥೆ ಈಗ ಹಿಂದಿನ ಆಟಕ್ಕೆ ತಳುಕು ಹಾಕಿಕೊಂಡಿತು. ಆದರೆ ಕ್ಲೇರ್ ಕೂಡ ಊರಿಗೆ ಬರುವುದು ಬೈಕಿನ ಮೇಲೇ. ಎಲ್ಜಾಳ ಹೆಸರು, ಕೂದಲು, ಉಡುಪು ಎಲ್ಲ ಹೋದರೂ ಬೈಕ್ ಉಳಿಯಿತು. ಹೀಗೆ ಏನು ಉಳಿಯಿತು ಎಂದು ಪಟ್ಟಿ ಮಾಡುವುದು ನನ್ನ ಮಟ್ಟಿಗೆ ಏನು ಹೋಯಿತು ಎನ್ನುವುದಕ್ಕಿಂತ ಉಪಯುಕ್ತ.

ಬ್ರಿಟನ್ನಿನ ರೇರ್ ಕಂಪನಿಯ ಡೈನೋಸಾರ್ ಪ್ಲಾನೆಟ್‌ನಲ್ಲಿ ಇದು ಇನ್ನೂ ಸ್ಪಷ್ಟ. ನಿಂಟೆಂಡೊ 64ಕ್ಕೆಂದು ಮಾಡುತ್ತಿದ್ದ ಆಟಕ್ಕೆ ಇಬ್ಬರು ನಾಯಕರು, ಸೇಬರ್ ಮತ್ತು ಕ್ರಿಸ್ಟಲ್. ಸೇಬರ್ ನೋಡಲು ತಮ್ಮ ಸ್ಟಾರ್ ಫಾಕ್ಸ್ ಆಟದ ನರಿಯ ಹಾಗೇ ಇದ್ದಾನೆ ಎಂದು ನಿಂಟೆಂಡೊದ ಶಿಗೆರು ಮಿಯಾಮೊಟೊ ಅವರಿಗೆ ಅನ್ನಿಸಿತು. ಅಲ್ಲಿಂದ ಆಟದ ದಿಕ್ಕೇ ತಿರುಗಿ, 2002ರಲ್ಲಿ ಗೇಮ್‌ಕ್ಯೂಬ್‌ಗೆ ಸ್ಟಾರ್ ಫಾಕ್ಸ್ ಅಡ್ವೆಂಚರ್ಸ್ ಎಂದು ಬಂತು. 2021ರಲ್ಲಿ ಸಂರಕ್ಷಕರ ಗುಂಪೊಂದು ಡಿಸೆಂಬರ್ 2000ರ ಒಂದು ಕಚ್ಚಾ ಪ್ರತಿಯನ್ನು ಹೊರಬಿಟ್ಟಿತು. ಅದರಲ್ಲಿ ಸೇಬರ್ ಇರಬೇಕಾದ ಜಾಗದಲ್ಲಿ ಆಗಲೇ ನರಿ ಫಾಕ್ಸ್ ಬಂದು ನಿಂತಿದೆ, ಸುತ್ತಲಿನ ಲೋಕ ಮಾತ್ರ ಇನ್ನೂ ಹಳೆಯದು. ಕ್ರಿಸ್ಟಲ್‌ಳ ಗತಿಯನ್ನು ನಾನು ಯಾವಾಗಲೂ ಎತ್ತಿ ಹೇಳುತ್ತೇನೆ. ಹಳೆಯ ಚಿತ್ರಗಳಲ್ಲಿ ಕೋಲು ಹಿಡಿದು ಸಾಹಸ ಮಾಡುವ ನಾಯಕಿ ಆಕೆ. ಹೊರಬಂದ ಆಟದಲ್ಲಿ ಬಹುಪಾಲು ಹೊತ್ತು ಸ್ಫಟಿಕದೊಳಗೆ ಬಂದಿಯಾಗಿ ತೇಲುತ್ತಿರುತ್ತಾಳೆ, ಅವಳ ಕೋಲನ್ನು ಫಾಕ್ಸ್ ಬಳಸುತ್ತಾನೆ. ಇಷ್ಟು ದೊಡ್ಡ ಬದಲಾವಣೆ ಆಟವಾಡಿದವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಗದ ಇಲ್ಲದಿದ್ದರೆ ಗೊತ್ತೂ ಆಗುತ್ತಿರಲಿಲ್ಲ.

ಮದರ್ 3 ಆಟದ ನಿಂಟೆಂಡೊ 64 ರೂಪ 2000ರ ಆಗಸ್ಟ್‌ನಲ್ಲಿ ರದ್ದಾಗಿ, 2006ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ನ ಪುಟ್ಟ ತೆರೆಗೆ ಪಿಕ್ಸೆಲ್ ಚಿತ್ರಗಳಾಗಿ ಬಂತು. ಸ್ಟಾರ್ ಫಾಕ್ಸ್ 2 ಹೆಚ್ಚುಕಡಿಮೆ ಪೂರ್ತಿಯಾಗಿದ್ದರೂ 1995ರಲ್ಲಿ ಪೆಟ್ಟಿಗೆ ಸೇರಿ, 2017ರಲ್ಲಿ ಮರುಬಿಡುಗಡೆಯ ಪುಟಾಣಿ ಸೂಪರ್ ನಿಂಟೆಂಡೊದೊಳಗೆ ಹೊರಬಂತು. ಆದ್ದರಿಂದ ಪಟ್ಟಿ ಬರೆಯುವಾಗ ರದ್ದು ಎಂಬ ಒಂದೇ ಪದ ಸಾಲದು. ಬದಿಗಿಟ್ಟದ್ದು, ಬೇರೆ ಯಂತ್ರಕ್ಕೆ ಹೋದದ್ದು, ಬೇರೆ ಆಟದೊಳಗೆ ಕರಗಿದ್ದು, ಪೂರ್ತಿ ನಿಂತದ್ದು ಎಂದು ನಾನು ಬೇರೆ ಬೇರೆ ಕಾಲಮ್ ಇಡುತ್ತೇನೆ.

4. ನಿಂತುಹೋದ ಕಾರಣವನ್ನು ಚಿತ್ರದಲ್ಲಿ ಹುಡುಕಬೇಡಿ

ಚಿತ್ರ ಚೆನ್ನಾಗಿದೆ, ಆದರೂ ಯಾಕೆ ನಿಂತಿತು? ಈ ಪ್ರಶ್ನೆ ನನಗೆ ಸಾಕಾಗಿದೆ. 2001ರ ಜನವರಿ 31ರಂದು ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಸೆಗಾ ಪ್ರಕಟಿಸಿತು. ಫ್ರಾನ್ಸಿನ ಲಿಯೋನ್‌ನಲ್ಲಿ ಫ್ರೆಡರಿಕ್ ರೇನಾಲ್ ಅವರ ನೋ ಕ್ಲಿಶೆ ಸ್ಟುಡಿಯೊ ಮಾಡುತ್ತಿದ್ದ ಅಗಾರ್ಥಾ ಎಂಬ ಭಯಾನಕ ಆಟ ಅದರೊಂದಿಗೆ ಹೋಯಿತು. ಹಿಮ, ಹಳ್ಳಿ, ನೆಲದಾಳದ ಲೋಕ ಎಲ್ಲ ಬಿಡಿಸಿ ಕೂತಿದ್ದವರದು ಏನು ತಪ್ಪು? ಡ್ರೀಮ್‌ಕಾಸ್ಟ್‌ನ ಹಾಫ್-ಲೈಫ್ ಕೂಡ ಅದೇ ವರ್ಷ ರದ್ದಾಯಿತು, ಅದಕ್ಕೆಂದು ಮಾಡಿದ್ದ ಹೊಸ ಭಾಗ ಮಾತ್ರ ಬ್ಲೂ ಶಿಫ್ಟ್ ಎಂಬ ಹೆಸರಿನಲ್ಲಿ ಪಿಸಿಗೆ ಬಂದು ಬದುಕಿತು.

ಥ್ರಿಲ್ ಕಿಲ್ ಎಂಬ ಪ್ಲೇಸ್ಟೇಷನ್ ಆಟ ಮುಗಿದೇ ಹೋಗಿತ್ತು. 1998ರಲ್ಲಿ ಅದರ ಪಬ್ಲಿಷರ್ ಬೇರೆ ಕೈಗೆ ಹೋಯಿತು. ಕೊಂಡವರಿಗೆ ಅದರ ಹಿಂಸೆ ಹಿಡಿಸಲಿಲ್ಲ, ಆಟ ಅಲ್ಲಿಗೇ ನಿಂತಿತು. ಸಾನಿಕ್ ಎಕ್ಸ್‌ಟ್ರೀಮ್‌ನ ಕಥೆ ಇನ್ನೂ ದಣಿವಿನದು. 1996ರ ಮಾರ್ಚ್‌ನಲ್ಲಿ ಜಪಾನಿನಿಂದ ಬಂದ ಸೆಗಾ ಅಧ್ಯಕ್ಷ ಹಯಾವೊ ನಕಯಾಮಾ ಅವರಿಗೆ ಮುಖ್ಯ ಆಟ ರುಚಿಸಲಿಲ್ಲ, ಕೊನೆಯ ಶತ್ರುಗಳಿಗೆಂದು ಬೇರೆಯಾಗಿ ಬರೆದಿದ್ದ ಎಂಜಿನ್ ಇಷ್ಟವಾಯಿತು. ಇಡೀ ಆಟವನ್ನು ಅದರಲ್ಲೇ ಕಟ್ಟಿ ಎಂದರು, ಕ್ರಿಸ್‌ಮಸ್ ಗಡುವು ಹಾಗೇ ಇತ್ತು. ಹಗಲು ರಾತ್ರಿ ದುಡಿದ ಪ್ರೋಗ್ರಾಮರ್ ಕ್ರಿಸ್ ಕಾಫಿನ್ ನ್ಯುಮೋನಿಯಾದಿಂದ ಮಲಗಿದರು, ವಿನ್ಯಾಸಕ ಕ್ರಿಸ್ ಸೆನ್ ಕೂಡ ಗಂಭೀರವಾಗಿ ಕಾಯಿಲೆ ಬಿದ್ದರು. ಆ ಹಬ್ಬಕ್ಕೆ ಸ್ಯಾಟರ್ನ್‌ನಲ್ಲಿ ಬಂದದ್ದು ಸಾನಿಕ್ 3ಡಿ ಬ್ಲಾಸ್ಟ್. ಸೆನ್ ಮುಂದೆ ತಮ್ಮ ಬಳಿಯಿದ್ದ ಚಿತ್ರ, ಟಿಪ್ಪಣಿಗಳನ್ನು ತಾವೇ ಸಾರ್ವಜನಿಕರ ಮುಂದಿಟ್ಟರು. ಇಷ್ಟಾದರೂ ಈ ಆಟದ ಬಗ್ಗೆ ಇವತ್ತಿಗೆ ತಿಳಿಯುತ್ತದೆಂದರೆ ಅದರಲ್ಲಿ ದೊಡ್ಡ ಪಾಲು ಅವರದು.

5. ಪೆಟ್ಟಿಗೆಯ ಕ್ರಮ ಕೆಡಿಸಬೇಡಿ, ಹಾಳೆಯ ಬೆನ್ನು ಮರೆಯಬೇಡಿ

ಪೆಟ್ಟಿಗೆ ತೆರೆದ ಕೂಡಲೇ ಪಾತ್ರಗಳೆಲ್ಲ ಒಂದು ಕಡೆ, ಹಿನ್ನೆಲೆಗಳೆಲ್ಲ ಇನ್ನೊಂದು ಕಡೆ ಎಂದು ಜೋಡಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಕಲಾವಿದ ಹಾಳೆಗಳನ್ನು ಇಟ್ಟ ಕ್ರಮದಲ್ಲೇ ಎಷ್ಟೋ ಸಲ ಕಾಲಾನುಕ್ರಮ ಅಡಗಿರುತ್ತದೆ. ಮೊದಲು ಮೇಲಿನಿಂದ ಕೆಳಗೆ ಒಂದೊಂದು ಹಾಳೆಗೂ ಸಂಖ್ಯೆ, ಆಮೇಲೆ ಸ್ಕ್ಯಾನ್. ಸಂಖ್ಯೆಯನ್ನು ಹಾಳೆಯ ಮೇಲೆ ಬರೆಯಬಾರದು, ಹಾಳೆ ಇಡುವ ಕವರಿನ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಬೇಕು.

ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಆನಿಮೇಷನ್ ಕಾಗದ, ಕೆಳ ಅಂಚಿನಲ್ಲಿ ಮೂರು ತೂತು: ನಡುವಿನದು ದುಂಡು, ಎರಡು ಬದಿಯವು ಉದ್ದನೆಯ ಸೀಳು. ಬಿಡಿಸಿದವರು ಕಾರ್ಟೂನ್ ಸ್ಟುಡಿಯೊದಿಂದ ಬಂದವರಿರಬೇಕು ಎಂದು ತೂತೇ ಹೇಳಿತು, ಆಮೇಲೆ ವಿಚಾರಿಸಿದಾಗ ಹೌದೆಂದು ಗೊತ್ತಾಯಿತು. ತಿಳಿನೀಲಿ ಪೆನ್ಸಿಲ್‌ನಲ್ಲಿ ಉದ್ದ ಕಿವಿಯ ಒಂದು ಪ್ರಾಣಿ, ಅದರ ಮೇಲೆ ಕಪ್ಪು ಪೆನ್ಸಿಲ್‌ನಲ್ಲಿ ಖಚಿತ ಗೆರೆ. ಕಪ್ಪು ಗೆರೆಯಲ್ಲಿ ಕಿವಿ ಅರ್ಧಕ್ಕೆ ಇಳಿದಿದೆ. ಹಾಳೆ ತಿರುಗಿಸಿದರೆ ಬೇರೆಯವರ ಕೈಬರಹ: ಕಿವಿ ಕ್ಯಾಮೆರಾಗೆ ಅಡ್ಡ ಬರುತ್ತಿದೆ, ಕಡಿಮೆ ಮಾಡಿ. ಕೆಳಗೆ ತಾರೀಖು, ಪಕ್ಕದಲ್ಲಿ ಯಾರದೋ ಪಿಜ್ಜಾ ಆರ್ಡರ್. ಈ ಹಾಳೆಯ ಮುಂಬದಿಯನ್ನು ಮಾತ್ರ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ನೀಲಿ ಗೆರೆ ಮಾಯವಾಗುತ್ತಿತ್ತು, ಕಿವಿಯ ಕಥೆಯೂ ಅದರೊಂದಿಗೆ ಹೋಗುತ್ತಿತ್ತು. ಪಿಜ್ಜಾ ಆರ್ಡರನ್ನೂ ಉಳಿಸಿ. ಅದರಲ್ಲಿದ್ದ ಹೆಸರುಗಳಿಂದಲೇ ಆ ತಿಂಗಳು ತಂಡದಲ್ಲಿ ಯಾರ್ಯಾರಿದ್ದರೆಂದು ತಿಳಿಯಿತು.

ಸ್ಕ್ಯಾನ್ ಮಾಡುವ ರೀತಿ ಹೀಗೆ. 600 ಡಿಪಿಐ, ಪೂರ್ತಿ ಬಣ್ಣ, ಟಿಫ್ ಫೈಲ್. ಸ್ಕ್ಯಾನರ್ ತಾನಾಗಿ ಮಾಡುವ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿ. ಹಳದಿಯಾದ ಕಾಗದವನ್ನು ಅದು ತನ್ನ ಬುದ್ಧಿಯಿಂದ ಬೆಳ್ಳಗೆ ಮಾಡಿಬಿಡುತ್ತದೆ. ಪ್ರತಿ ಗುಂಪಿನ ಮೊದಲ ಸ್ಕ್ಯಾನಿನಲ್ಲಿ ಬಣ್ಣದ ಅಳತೆಪಟ್ಟಿ ಇರಲಿ. ಟ್ರೇಸಿಂಗ್ ಪೇಪರ್ ಆದರೆ ಹಿಂದೆ ಬಿಳಿ ಹಾಳೆ ಇಡಿ. ಹೊಳೆಯುವ ಹೈಲೈಟರ್ ಬಣ್ಣಗಳು ಸ್ಕ್ಯಾನರ್‌ನಲ್ಲಿ ಸರಿಯಾಗಿ ಬರುವುದಿಲ್ಲ, ಅಂಥವನ್ನು ಕ್ಯಾಮೆರಾದಲ್ಲೂ ತೆಗೆಯಿರಿ. ತುಕ್ಕು ಹಿಡಿದ ಸ್ಟೇಪಲ್ ಪಿನ್ನನ್ನು ಎಳೆಯದೆ, ಹಿಂಬದಿಯ ಕಾಲುಗಳನ್ನು ಮೊದಲು ನೆಟ್ಟಗೆ ಮಾಡಿ ಮೆಲ್ಲಗೆ ಹೊರತೆಗೆಯಬೇಕು. ಹಳೆಯ ಸೆಲೊಟೇಪ್ ಮುಟ್ಟಲೇಬೇಡಿ, ಅದು ಕಾಗದ ಸಂರಕ್ಷಣೆ ಕಲಿತವರ ಕೆಲಸ.

6. ಫ್ಯಾಕ್ಸ್ ಮೊದಲು, ಮಾರ್ಕರ್ ಆಮೇಲೆ, ಪೆನ್ಸಿಲ್ ಕೊನೆಗೆ

ಸಮಯ ಕಡಿಮೆಯಿದ್ದರೆ ಈ ಸರದಿ. ಜಪಾನಿನ ಪಬ್ಲಿಷರ್ ತಿದ್ದಿ ಕಳಿಸಿದ ಫ್ಯಾಕ್ಸ್‌ಗಳು ಥರ್ಮಲ್ ಕಾಗದದ ಮೇಲಿದ್ದರೆ ತಾವಾಗಿಯೇ ಮಾಸಿಹೋಗುತ್ತವೆ. ಮಾರ್ಕರ್‌ನ ಬಣ್ಣ ಬೆಳಕಿಗೆ ಅಂಜುತ್ತದೆ. ಪೆನ್ಸಿಲ್ ಕಾಯುತ್ತದೆ.

7. ಡಿಸ್ಕ್ ಸಿಕ್ಕರೆ ಫೈಲ್ ಎಳೆದುಕೊಳ್ಳುವ ಆತುರ ಬೇಡ

ತೊಂಬತ್ತರ ದಶಕದ ನಡುವಿನಿಂದ ಕಾಗದದ ಜೊತೆ ಡಿಸ್ಕ್‌ಗಳೂ ಸಿಗುತ್ತವೆ. 100 ಮೆಗಾಬೈಟ್‌ನ ಜಿಪ್ ಡಿಸ್ಕ್ ಎಲ್ಲಕ್ಕಿಂತ ಹೆಚ್ಚು. ಅದರ ಡ್ರೈವ್ ಟಕ್ ಟಕ್ ಎಂದು ಸದ್ದು ಮಾಡತೊಡಗಿದರೆ ತಕ್ಷಣ ನಿಲ್ಲಿಸಿ. ಕೆಟ್ಟ ಡ್ರೈವ್ ಒಳ್ಳೆಯ ಡಿಸ್ಕನ್ನು ಹಾಳು ಮಾಡುತ್ತದೆ, ಹಾಳಾದ ಡಿಸ್ಕ್ ಮುಂದಿನ ಡ್ರೈವನ್ನು ಕೆಡಿಸುತ್ತದೆ. ಡಿಸ್ಕನ್ನು ರೈಟ್-ಪ್ರೊಟೆಕ್ಟ್ ಮಾಡಿಕೊಂಡು ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ, ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆ. ಕಲಾವಿದರಲ್ಲಿ ಮ್ಯಾಕ್ ಬಳಸುತ್ತಿದ್ದವರು ಜಾಸ್ತಿ. ಆ ಹಳೆಯ ಮ್ಯಾಕ್ ಡಿಸ್ಕ್‌ಗಳ ಫಾರ್ಮ್ಯಾಟನ್ನು 2019ರ ನಂತರದ ಮ್ಯಾಕ್‌ಗಳೇ ಓದುವುದಿಲ್ಲ, ಹಳೆಯ ಯಂತ್ರವೊಂದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು.

ಫೈಲಿನ ತಾರೀಖನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಪಾತ್ರದ ಚಿತ್ರ 1904ರ ಜನವರಿ 1ರಂದು ಬಿಡಿಸಿದ್ದು ಎಂದು ತೋರಿಸಿದರೆ ಆ ಮ್ಯಾಕಿನ ಒಳಗಿನ ಬ್ಯಾಟರಿ ಸತ್ತಿತ್ತು ಎಂದರ್ಥ.

ಫೋಟೊಶಾಪ್‌ಗೆ ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಫೈಲ್ ಒಂದೇ ಪದರದ್ದು, ನೋಡಿದ್ದಷ್ಟೇ. ಆಮೇಲಿನ ಫೈಲ್ ಆದರೆ ಆಫ್ ಮಾಡಿಟ್ಟ ಲೇಯರ್‌ಗಳನ್ನು ಒಂದೊಂದಾಗಿ ಆನ್ ಮಾಡಿ ನೋಡಿ. ಒಪ್ಪಿಗೆಯಾದ ರಕ್ಷಾಕವಚದ ಅಡಿಯಲ್ಲಿ ತಿರಸ್ಕೃತವಾದ ಮೂರು ಕವಚ ಇರುವುದು ಮಾಮೂಲು. ಕಾಗದದಲ್ಲಿ ರಬ್ಬರ್ ಅಳಿಸಿಹಾಕುವುದನ್ನು ಇಲ್ಲಿ ಆಲಸ್ಯ ಉಳಿಸಿಕೊಡುತ್ತದೆ.

8. ಯಾಕೆ ಎಂದು ಕೇಳುವ ಮುಂಚೆ ಯಾವುದರಲ್ಲಿ ಎಂದು ಕೇಳಿ

ಇಪ್ಪತ್ತೈದು ಮೂವತ್ತು ವರ್ಷ ಹಿಂದಿನ ಸಂಗತಿ. ಆಟ ಯಾಕೆ ನಿಂತಿತು ಎಂದು ನೇರ ಕೇಳಿದರೆ ಎಲ್ಲರೂ ಕಂಪನಿಯ ರಾಜಕೀಯ ಹೇಳುತ್ತಾರೆ, ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಅದು ಇನ್ನೂ ಮಾಯದ ಗಾಯ. ಚಿತ್ರವನ್ನು ಅವರ ಕೈಗೆ ಕೊಟ್ಟು ಇದು ಯಾವ ಮಾರ್ಕರ್, ಮೇಜು ಎಲ್ಲಿತ್ತು, ಪಕ್ಕದಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿ ನೋಡಿ. ಕೈಗೆ ನೆನಪು ಚೆನ್ನಾಗಿರುತ್ತದೆ. ಆ ಹಾಳೆಯಲ್ಲಿ ಸಹಿಯಿಲ್ಲದ ಬಣ್ಣ ಯಾರು ತುಂಬಿದ್ದು ಎಂಬುದೂ ಆ ಮಾತಿನ ನಡುವೆ ಹೊರಬರುತ್ತದೆ. ಒಂದೇ ಚಿತ್ರದಲ್ಲಿ ಗೆರೆ ಒಬ್ಬರದು, ಬಣ್ಣ ಇನ್ನೊಬ್ಬರದು ಆಗಿರುವುದು ಸಾಮಾನ್ಯ. ಮುಖ್ಯ ಕಲಾವಿದರ ಹೆಸರೊಂದನ್ನೇ ಬರೆದರೆ ಕಿರಿಯರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ಆಟ ಹೊರಬರದ್ದರಿಂದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲೂ ಅವರಿಲ್ಲ.

9. ಬಿಡಿಸಿದವರು ಬೇರೆ, ಒಡೆಯರು ಬೇರೆ

ಕಲಾವಿದರ ಗ್ಯಾರೇಜಿನಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ಅವರದಾಗುವುದಿಲ್ಲ. ಅಮೆರಿಕದಲ್ಲಿ ನೌಕರಿಯ ಭಾಗವಾಗಿ ಬಿಡಿಸಿದ ಚಿತ್ರದ ಹಕ್ಕು ಕಂಪನಿಯದು. ಪ್ರಕಟವಾದ ದಿನದಿಂದ 95 ವರ್ಷ ಅಥವಾ ಬಿಡಿಸಿದ ದಿನದಿಂದ 120 ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಅದು ಉಳಿಯುತ್ತದೆ. 1996ರಲ್ಲಿ ಬಿಡಿಸಿ ಎಲ್ಲೂ ಪ್ರಕಟವಾಗದ ಹಾಳೆಯೆಂದರೆ 2116ರವರೆಗೆ. ಆ ಕಂಪನಿಗಳಲ್ಲಿ ಎಷ್ಟೋ ಈಗ ಇಲ್ಲ. 3ಡಿಒ 2003ರಲ್ಲಿ, ಅಕ್ಲೇಮ್ 2004ರಲ್ಲಿ ದಿವಾಳಿಯಾದವು. ಮಿಡ್‌ವೇ 2009ರಲ್ಲಿ ದಿವಾಳಿಯಾಗಿ ಅದರ ಆಸ್ತಿಯಲ್ಲಿ ಹೆಚ್ಚಿನದನ್ನು ವಾರ್ನರ್ ಕೊಂಡಿತು. ರೇರ್ ಕಂಪನಿ 2002ರಲ್ಲೇ ಮೈಕ್ರೋಸಾಫ್ಟ್ ಪಾಲಾಯಿತು. ತಮ್ಮ ಬಳಿ ಇಂಥದ್ದೊಂದು ಆಟದ ಹಕ್ಕಿದೆ ಎಂಬುದೇ ಈಗಿನ ಒಡೆಯರಿಗೆ ಗೊತ್ತಿಲ್ಲದಿರಬಹುದು.

ನಾನು ನಡೆದುಕೊಳ್ಳುವ ರೀತಿ ಸರಳ. ಸ್ಕ್ಯಾನ್ ಎಲ್ಲವನ್ನೂ ಮಾಡುತ್ತೇನೆ, ಸಾರ್ವಜನಿಕವಾಗಿ ಇಡುವುದು ಕಲಾವಿದರು ಒಪ್ಪಿದ ಮೇಲೆ ಮಾತ್ರ. ಹಾಳೆಯಲ್ಲಿ ಮನೆ ವಿಳಾಸ, ಫೋನ್ ನಂಬರ್, ಸಂಬಳದ ಲೆಕ್ಕ ಇದ್ದರೆ ಆ ಸ್ಕ್ಯಾನ್ ಹೊರಗೆ ಹೋಗುವುದಿಲ್ಲ. ಮೂಲ ಕಾಗದಗಳಿಗೆ ಸಂಸ್ಥೆಯೇ ಸರಿಯಾದ ಜಾಗ: ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಮ್ಯೂಸಿಯಂ ಇದೆ, ಇಲ್ಲೇ ಕ್ಯಾಲಿಫೋರ್ನಿಯಾದ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಇದೆ. ಫೌಂಡೇಶನ್‌ನವರು 2023ರಲ್ಲಿ ಲೆಕ್ಕ ಹಾಕಿದಾಗ, ಅಮೆರಿಕದಲ್ಲಿ ಬಿಡುಗಡೆಯಾಗಿದ್ದ ಹಳೆಯ ಆಟಗಳಲ್ಲೇ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಬಿಡುಗಡೆಯಾದವುಗಳ ಗತಿ ಅದು. ಹರಾಜಿನಲ್ಲಿ ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ, ನಿವೃತ್ತರಿಗೆ ದುಡ್ಡು ಬೇಕಿರುತ್ತದೆ. ಆದರೆ ಮಾರುವ ಮುಂಚೆ ಇಡೀ ಕಟ್ಟು ಸ್ಕ್ಯಾನ್ ಆಗಿರಲಿ. ಹರಾಜಿನಲ್ಲಿ ಬಿಡಿಬಿಡಿಯಾಗಿ ಹೋದ ಮೇಲೆ ಹುಡುಕಾಟದ ಹಾಳೆ ಒಂದು ದೇಶದಲ್ಲಿ, ಮಾಡೆಲ್ ಶೀಟ್ ಇನ್ನೊಂದು ದೇಶದಲ್ಲಿ.

10. ಪೂರ್ತಿ ಮಾಡಿಕೊಡಬೇಡಿ

ಅರ್ಧ ಬಣ್ಣ ತುಂಬಿದ ಚಿತ್ರವನ್ನು ಎಐಗೆ ಕೊಟ್ಟು ಪೂರ್ತಿ ಮಾಡಿಸಿ, ಆಟ ಹೀಗಿರುತ್ತಿತ್ತು ಎಂದು ಹಂಚುವ ಚಾಳಿ ಈಗ ಹೆಚ್ಚಾಗಿದೆ. ನನಗೆ ಇದು ಸುತರಾಂ ಇಷ್ಟವಿಲ್ಲ. ಬಲಗೈ ಬಿಡಿಸದೆ ಬಿಟ್ಟಿದ್ದಾರೆಂದರೆ ಆಯುಧ ಇನ್ನೂ ತೀರ್ಮಾನವಾಗಿರಲಿಲ್ಲವೇನೋ; ಅಲ್ಲಿ ಕತ್ತಿ ತುರುಕಿದರೆ ಆ ಸುಳಿವು ಹಾಳು. ಗೆರೆಗಳನ್ನು ನುಣುಪಾಗಿಸಿ ದೊಡ್ಡದು ಮಾಡಿದ ಪ್ರತಿಗಳು ಮೂಲದ ಹೆಸರಿನಲ್ಲೇ ಓಡಾಡುತ್ತವೆ, ಸ್ವಲ್ಪ ಕಾಲದಲ್ಲಿ ಯಾವುದು ಯಾವುದೆಂದು ಹೇಳುವವರೇ ಇರುವುದಿಲ್ಲ. ಮೋಜಿಗೆ ಮಾಡುವವರು ಮಾಡಲಿ, ಚಿತ್ರದ ಮೇಲೇ ಹಾಗೆಂದು ಬರೆಯಲಿ.

11. ಬೆಂಗಳೂರಿನ ಗೆಳೆಯರಿಗೆ ಒಂದು ಮಾತು

ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. ಆಮೇಲೆ ಊರಿನಲ್ಲಿ ಹೊರದೇಶದ ಆಟಗಳಿಗೆ ಚಿತ್ರ, ಮಾಡೆಲ್ ಮಾಡಿಕೊಡುವ ಸ್ಟುಡಿಯೊಗಳು ಹಲವು ಬಂದವು. ಅಂಥದ್ದೊಂದರಲ್ಲೇ ನಾನು ಕೆಲಸ ಕಲಿತೆ. ಅಲ್ಲಿ ನಾನು ಬಿಡಿಸಿದ್ದರಲ್ಲಿ ಎಷ್ಟೋ ರದ್ದಾಗಿದೆ. ಅದರ ಒಂದು ಹಾಳೆಯೂ ನನ್ನ ಬಳಿಯಿಲ್ಲ, ಇರುವಂತೆಯೂ ಇಲ್ಲ. ಎಲ್ಲ ಕ್ಲೈಂಟ್ ಸರ್ವರಿನಲ್ಲಿ, ಗೋಪ್ಯತೆಯ ಕರಾರಿನಡಿ. ಈ ಕಾಲದ ಆಟಗಳಿಗೆ ಮುಂದೆ ಯಾರೂ ತೆರೆಯಬಹುದಾದ ರಟ್ಟಿನ ಪೆಟ್ಟಿಗೆ ಇರುವುದಿಲ್ಲ.

ಕರಾರು ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಫೈಲ್ ಮನೆಗೆ ತರಬೇಡಿ, ಫೋನಿನಲ್ಲಿ ಫೋಟೊ ಹೊಡೆಯಬೇಡಿ. ಒಂದು ನೋಟ್‌ಬುಕ್ ಇಡಿ. ತಾರೀಖು, ತಂಡದಲ್ಲಿ ಯಾರ್ಯಾರಿದ್ದರು, ನೀವು ಮಾಡಿದ್ದು ಯಾವ ಬಗೆಯ ಕೆಲಸ, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ, ಎಷ್ಟು ಸಲ ತಿದ್ದಿಸಿದರು, ಯಾವ ದಿನ ನಿಂತಿತು. ಆಟದ ಹೆಸರು, ಕ್ಲೈಂಟ್ ಹೆಸರು, ಕಥೆಯ ಗುಟ್ಟು ಯಾವುದೂ ಅದರಲ್ಲಿ ಬೇಡ. ಕರಾರಿನಲ್ಲಿ ಅಷ್ಟಕ್ಕೂ ತಡೆಯಿದ್ದರೆ ನಿಮ್ಮ ಮ್ಯಾನೇಜರನ್ನು ಮೊದಲೇ ಕೇಳಿ. ಕರಾರಿನ ಗೋಪ್ಯತೆಗೆ ಅವಧಿ ಇದೆಯೇ ಎಂದೂ ಓದಿಕೊಳ್ಳಿ. ಕೆಲವದರಲ್ಲಿ ಇಂತಿಷ್ಟು ವರ್ಷ ಎಂದು ಬರೆದಿರುತ್ತದೆ, ಮುಗಿಯುವ ತಾರೀಖನ್ನು ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಗುರುತು ಹಾಕಿಡಿ.